ವೀರಭದ್ರಣ್ಣ ಎಳೆದ ಗೆರೆ

ಯಾವ ಕಾರು ಬಂದರೂ ವೀರಭದ್ರಣ್ಣ ಮೊದಲು ಬಾನೆಟ್ ತೆಗೆಯುತ್ತಿರಲಿಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಅಂಗೈಯನ್ನು ಬಾನೆಟ್ ಮೇಲಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಗಾಡಿಯವನಿಗೆ ಸ್ಟೂಲ್ ತೋರಿಸಿ, "ಕುಂದರ್ರಿ, ಆರಲಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತಗದ್ರ ಮಾರಿ ಸುಟ್ಕೋತೀರಿ" ಅನ್ನೋರು. ಎಂಥಾ ಅರ್ಜೆಂಟ್ ಇದ್ದವನೂ ಅರ್ಧ ಗಂಟೆ ಕೂರಲೇಬೇಕು.

ಹಾವೇರಿ ಕಡೆಯವರು. ಗೋವಿಂದರಾಜನಗರದಲ್ಲಿ ಹಿಟ್ಟಿನ ಗಿರಣಿ ಪಕ್ಕ ಅವರದು ಒಂದೇ ಶಟರಿನ ಗ್ಯಾರೇಜ್ ಅಂಗಡಿ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಗ್ರೀಸು. ನಮ್ಮ ಏರಿಯಾದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋರೆಲ್ಲ ಮೊದಲು ಅವರಿಗೆ ತೋರಿಸುತ್ತಿದ್ದರು. ನೋಡಿ "ತಗೋರಿ" ಅಂದರೆ ಮುಗೀತು, ಜನ ಎರಡನೇ ಮಾತಾಡುತ್ತಿರಲಿಲ್ಲ. ನಾನೊಬ್ಬ ಮಾತ್ರ ತೋರಿಸದೆ ಕೊಂಡೆ. ದೊಡ್ಡ ಬುದ್ಧಿವಂತ ನೋಡಿ.

ತಿಂಗಳೊಳಗೆ, ಎಂಜಿನ್ ತಂಪಾಗಿಡೋ ಕೂಲಂಟ್ ಕಮ್ಮಿಯಾಗಿದೆ ಅನ್ನೋ ಕೆಂಪು ದೀಪ ಹತ್ತಿಕೊಂಡಿತು. ಆಗ ಅವರೇ ಬೇಕಾದರು. ಎಂಜಿನ್ ಆರಿದ ಮೇಲೆ ಹಸಿರು ಕೂಲಂಟ್ ತುಂಬಿಸಿ, ಅದರ ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದು ಹೇಳಿದರು. "ಎಂಟು ದಿನ ಓಡಸ್ರಿ. ಗೆರಿ ಕೆಳಗ ಇಳದ್ರ ಎಲ್ಲೋ ಸೋರತೈತಿ, ಹುಡುಕೂಣು. ಇಳೀಲಿಲ್ಲಂದ್ರ ದೀಪದ ವೈರಿಂದ ತಪ್ಪು. ಆದ್ರ ನಡುವ ಒಂದು ಹನಿ ನೀರ್ ಹಾಕಬ್ಯಾಡ್ರಿ ಮತ್ತ."

ಐದನೇ ದಿನ ನಮ್ಮ ಮಾವನವರನ್ನು ಕೂರಿಸಿಕೊಂಡು ಕೆಂಗೇರಿಗೆ ಹೊರಟಿದ್ದೆ. ದೀಪ ಮತ್ತೆ ಹತ್ತಿತು. "ಏನಪ್ಪಾ, ಹಳೇ ಡಬ್ಬ ತಂದು ಗಂಟು ಹಾಕ್ಕೊಂಡಿದೀಯಲ್ಲ" ಅಂದರು ಮಾವ. ಮಾನ ಹೋದ ಹಾಗಾಯ್ತು. ಪಕ್ಕಕ್ಕೆ ನಿಲ್ಲಿಸಿ, ತಣಿದ ಮೇಲೆ ಬಾಟಲಿ ನೀರನ್ನು ಗೆರೆಯ ತನಕ ಸುರಿದೆ.

ಎಂಟನೇ ದಿನ ವೀರಭದ್ರಣ್ಣ ಡಬ್ಬಿ ನೋಡಿದರು. ಬೆಳಗ್ಗೆಯಷ್ಟೇ ನಾನು ಮತ್ತೆ ನೀರು ಸುರಿದಿದ್ದರಿಂದ ಗೆರೆಯಲ್ಲೇ ಇತ್ತು. "ನೀರ್ ಹಾಕಿಲ್ಲಲ್ರೀ ಸರ್ರ?" ಅಂಗಡಿ ತುಂಬಾ ಜನ. ಸ್ಕೂಲ್ ಹುಡುಗನ ಥರ ಬೈಸಿಕೊಳ್ಳಬೇಕಲ್ಲಾ ಅಂತ ನಾಚಿಕೆಯಾಗಿ, "ಇಲ್ಲಣ್ಣ" ಅಂದುಬಿಟ್ಟೆ. ಅವರು ನನ್ನ ಮಾತು ನಂಬಿ ವೈರ್ ಕ್ಲೀನ್ ಮಾಡಿ ಕಳಿಸಿದರು.

ಅಷ್ಟಕ್ಕೇ ನಿಂತಿದ್ದರೆ ಅದು ಬರೀ ಹೇಡಿತನ. ನಾನು ಮುಂದಿನ ಒಂದೂವರೆ ತಿಂಗಳು ದಿನಾ ಬೆಳಗ್ಗೆ ನಲ್ಲಿ ನೀರು ತುಂಬಿಸುತ್ತಾ ಗಾಡಿ ಮಾರಾಟಕ್ಕಿಟ್ಟೆ. ನಂದಿನಿ ಲೇಔಟಿನ ಒಬ್ಬ ಟೀಚರ್ ಬಂದು ನೋಡಿದರು. ವೀರಭದ್ರಣ್ಣನನ್ನೇ ಕೇಳಿದರಂತೆ. "ನಾ ಎಂಟು ದಿನ ಪರೀಕ್ಷಾ ಮಾಡೇನ್ರಿ ಅಕ್ಕಾರ. ತಗೋರಿ" ಅಂದರಂತೆ. ತಗೊಂಡರು.

ಇಪ್ಪತ್ತು ದಿನ ಕಳೆದು ನನ್ನ ಸ್ಕೂಟರ್ ಬ್ರೇಕ್ ಸರಿ ಮಾಡಿಸಲು ಅಂಗಡಿಯಲ್ಲಿ ಕೂತಿದ್ದೆ. ಕಾರನ್ನು ಎಳೆಸಿಕೊಂಡು ಟೀಚರ್ ಬಂದರು. ಮಾಗಡಿ ರೋಡಲ್ಲಿ ಎಂಜಿನ್ ಕಾದು ಕೆಟ್ಟು ನಿಂತಿತ್ತು. ನನ್ನ ಕಡೆ ತಿರುಗಿಯೂ ನೋಡದೆ ವೀರಭದ್ರಣ್ಣನಿಗೇ ಹೇಳಿದರು, "ನಿಮ್ಮ ಮಾತು ನಂಬಿ ತಗೊಂಡೆ. ಮಾರೋನ ಜೊತೆ ಸೇರ್ಕೊಂಡು ಹೀಗೆ ಮಾಡ್ತೀರಾ ನೀವು?" ಗಿರಣಿಗೆ ಬಂದವರೆಲ್ಲ ನಿಂತು ನೋಡುತ್ತಿದ್ದರು.

ವೀರಭದ್ರಣ್ಣ ಡಬ್ಬಿಯ ಮುಚ್ಚಳ ತೆಗೆದರು. ಹಸಿರು ಇರಬೇಕಾದ ಕಡೆ ತುಕ್ಕು ಬಣ್ಣದ ನೀರು. ಬೆರಳು ಅದ್ದಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಗೊತ್ತಾಗಿಹೋಯಿತು ಅವರಿಗೆ. ನಾನು ಎದ್ದು ನಿಂತು ನಿಜ ಹೇಳಬೇಕಿತ್ತು. ಹೆಲ್ಮೆಟ್ ಪಟ್ಟಿ ಸರಿ ಮಾಡುತ್ತಾ ಕೂತೆ. ಥೂ ನನ್ನ ಜನ್ಮಕ್ಕೆ.

"ನಾ ನೋಡಿದ್ದು ತಪ್ಪಾತ್ರಿ ಅಕ್ಕಾರ. ಬಿಟ್ಟು ಹೋಗ್ರಿ, ನಾನ ಸರಿ ಮಾಡಿಕೊಡ್ತೇನಿ" ಅಂದರು.

ಮೂರು ವಾರ ಒದ್ದಾಡಿ ಕೊನೆಗೊಂದು ದಿನ ಹೋದೆ. ಯಾರೋ ಕೊಳ್ಳೋ ಕಾರು ತೋರಿಸಲು ಬಂದಿದ್ದರು. "ರಿಪೇರಿ ಇದ್ರ ತರ್ರಿ. ತಗೋ, ಬಿಡು ಅಂತ ಹೇಳೂದು ನಾ ಬಿಟ್ಟೇನಿ" ಅಂತ ವೀರಭದ್ರಣ್ಣ ಅವರನ್ನು ಸಾಗಹಾಕಿದರು. ಅವರು ಹೋದ ಮೇಲೆ, "ಅಣ್ಣಾ, ನೀರು ಹಾಕಿದ್ದು ನಾನೇ. ತಪ್ಪಾಯ್ತು" ಅಂದೆ.

ಅವರು ಸ್ಪ್ಯಾನರ್ ಒರೆಸುತ್ತಾ ಮೆಲ್ಲಗೆ ಅಂದರು, "ನನಗ್ಯಾಕ ಹೇಳ್ತೀರಿ ಸರ್ರ? ನನಗ ಗೊತ್ತೈತಿ. ಆ ಅಕ್ಕಾರಿಗೆ ಹೇಳ್ರಿ."

ನಾನು ಅವರನ್ನು ನೋಡಿದ್ದು ಅದೇ ಕೊನೆ. ಅಂಗಡಿ ಖಾಲಿ ಮಾಡಿ ಊರಿಗೆ ಹೋದರು ಅಂತ ಗಿರಣಿಯವರು ಹೇಳಿದರು. ಟೀಚರ್ ನಂಬರ್ ನನ್ನ ಫೋನಲ್ಲಿದೆ. ಇವತ್ತಿಗೂ ಫೋನ್ ಮಾಡಿಲ್ಲ.