ಖಾಲಿ ಟ್ಯೂಬು ಓದುವ ಗುರುಬಾಯಿ

ಬೆಳಗಿನ ಆರು ಗಂಟೆ. ಜೋಗೇಶ್ವರಿ ಪೂರ್ವದಲ್ಲಿ, ಕಿಟಕಿಯ ಗ್ರಿಲ್ ಮಾಡುವ ವರ್ಕ್‌ಶಾಪುಗಳ ನಡುವೆ ಸಿಕ್ಕಿಕೊಂಡಂತಿರುವ ಒಂದು ಚರ್ಮದ ಕ್ಲಿನಿಕ್ಕು. ಶಟರ್ ಅರ್ಧವಷ್ಟೇ ಮೇಲೇರಿದೆ. ಒಳಗೆ ಬಿಳಿ ದೀಪದ ಕೆಳಗೆ ನಿಂತ ಗುರುಬಾಯಿ, ಮುಗಿದುಹೋದ ಕ್ರೀಮಿನ ಟ್ಯೂಬೊಂದನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ. ಮುಂದಿನ ಸ್ಟೂಲಿನ ಮೇಲೆ ಮೂವತ್ತೊಂದು ವರ್ಷದ ಶೀತಲ. ತೊಡೆಯ ಮೇಲೆ ಊಟದ ಡಬ್ಬಿಯ ಚೀಲ, ಕಣ್ಣು ಗೋಡೆಯ ಗಡಿಯಾರದ ಮೇಲೆ. ಲೋಕಲ್ ಟ್ರೇನು ಹಿಡಿದು ಅಂಧೇರಿ, ಅಲ್ಲಿಂದ ಮೆಟ್ರೋದಲ್ಲಿ ಘಾಟ್ಕೋಪರಿನ ಆಫೀಸು. ಹೊಸ ಟ್ಯೂಬಿಗೆ ಚೀಟಿ ಬರೆಸಿಕೊಂಡು ಓಡಬೇಕು.

"ಇದನ್ನ ಯಾವಾಗ ಒಯ್ದಿದ್ದಿ, ತಂಗಿ?"

"ಪಿಛಲೇ ಮಹಿನೆ, ಅಕ್ಕಾ. ಐದು ವಾರ ಆಯ್ತು."

"ಐದ ವಾರಕ್ಕ ಮುಗೀತು?"

"ನಾನು ಥೋಡಾ ಜಾಸ್ತಿ ಹಚ್ಚಿದೆ ಅನಸ್ತದೆ."

ಗುರುಬಾಯಿ ಈಗ ಟ್ಯೂಬು ಬಿಟ್ಟು ಆಕೆಯ ಗದ್ದ ಹಿಡಿದು ಬೆಳಕಿಗೆ ತಿರುಗಿಸುತ್ತಾರೆ. ಹೇಳಿದ್ದಕ್ಕಿಂತ ಹೆಚ್ಚು ಹಚ್ಚಿದ ಮುಖ ಅಡಗುವುದಿಲ್ಲ. ಮೂಗಿನ ಪಕ್ಕ, ಬಾಯಿಯ ಮೂಲೆಯಲ್ಲಿ ಕೆಂಪೇರುತ್ತದೆ, ಸಿಪ್ಪೆ ಏಳುತ್ತದೆ. ಈ ಮುಖದಲ್ಲಿ ಅದೊಂದೂ ಇಲ್ಲ. ದವಡೆಯ ಸಾಲಿನ ಮೊಡವೆ ಇಳಿಯುವ ಹಾದಿಯಲ್ಲಿವೆ. ಇದು ದಿನ ಬಿಟ್ಟು ದಿನ, ಅಳತೆಯಷ್ಟೇ ಹಚ್ಚಿದ ಮುಖ. ಹಾಗೆ ಹಚ್ಚಿದರೆ ಟ್ಯೂಬು ಮೂರು ತಿಂಗಳು ಬರಬೇಕು.

ಮತ್ತೆ ಟ್ಯೂಬು. ಅದರ ಬಾಲವನ್ನು ಯಾರೋ ಪೆನ್ಸಿಲಿಗೆ ಸುತ್ತಿದಂತೆ ನೀಟಾಗಿ ಮಡಿಚಿಕೊಂಡು ಬಂದಿದ್ದಾರೆ. ಆದರೆ ನಡುವಿನಲ್ಲಿ ಹೆಬ್ಬೆರಳಿನ ಆಳವಾದ ಒಂದು ಗುಳಿ. ಬಾಲದಿಂದ ಮಡಿಚುವ ಕೈ ನಡು ಹಿಚುಕುವುದಿಲ್ಲ.

"ಇದರಾಗ ಎರಡ ಕೈ ಅದಾವ," ಅನ್ನುತ್ತಾರೆ ಗುರುಬಾಯಿ.

ಈ ಕ್ಲಿನಿಕ್ಕಿನಲ್ಲಿ ಅವರಿಗೆ ಹದಿನೇಳು ವರ್ಷ. ರಿಜಿಸ್ಟರಿನಲ್ಲಿ ಅವರ ಕೆಲಸದ ಹೆಸರು 'ಆಯಾ'. ನೆಲ ಒರೆಸುವುದು, ನಂಬರು ಕೂಗುವುದು ಅದರಲ್ಲಿ ಬರುತ್ತದೆ. ಬರೆದಿಲ್ಲದ ಕೆಲಸವೇ ದೊಡ್ಡದು. ಡಾಕ್ಟರ್ ಜ್ಯೋತ್ಸ್ನಾ ಆರೂವರೆಯಿಂದ ಒಂಬತ್ತೂವರೆಯವರೆಗೆ ನಲವತ್ತು, ಕೆಲವು ದಿನ ಐವತ್ತು ಜನರನ್ನು ನೋಡುತ್ತಾರೆ. ಅವರಲ್ಲಿ ಹೆಚ್ಚಿನವರು ಕೆಲಸಕ್ಕೆ ಹೊರಟ ಹೆಂಗಸರು. ಹರೆಯಕ್ಕೆ ಬಂದು ಹೋಗಬೇಕಿದ್ದ ಮೊಡವೆ ಇವರಿಗೆ ಮೂವತ್ತರಲ್ಲಿ ಮರಳಿ ಬಂದಿದೆ. ಗದ್ದ, ದವಡೆ, ಕುತ್ತಿಗೆಯ ಮೇಲ್ಭಾಗ. ಮುಟ್ಟಿನ ದಿನ ಹತ್ತಿರ ಬಂದಂತೆ ಬಾಗಿಲು ಬಡಿಯುವ ನೆಂಟರ ಹಾಗೆ. ಡಾಕ್ಟರು ಬರೆಯುತ್ತಾರೆ. ಹೆಂಗಸರು ಪಕ್ಕದ ಮೆಡಿಕಲ್‌ನಿಂದ ತಂದು ಗುರುಬಾಯಿಯ ಮುಂದಿಡುತ್ತಾರೆ. ಅಲ್ಲಿಂದ ಮುಂದಿನದು ಗುರುಬಾಯಿಯ ಪಾಠ.

"ಮುಖ ತೊಳಿ, ತಿಕ್ಕಬ್ಯಾಡ. ನಿಂಬಿಹಣ್ಣು, ಟೂತ್‌ಪೇಸ್ಟ್, ಉಪ್ಪು, ಯಾವದೂ ಬ್ಯಾಡ. ಒರಿಸಿ ಹತ್ತ ಮಿನಿಟ್ ಬಿಡು, ಪೂರಾ ಒಣಗಲಿ. ಆಮ್ಯಾಲೆ ಇಷ್ಟ."

'ಇಷ್ಟ' ಅನ್ನುವಾಗ ಅವರ ಅಂಗೈಯಲ್ಲಿ ಒಂದು ತೊಗರಿ ಕಾಳು ಇರುತ್ತದೆ. ಇಡೀ ಮುಖಕ್ಕೆ ಅಷ್ಟೇ ಕ್ರೀಮು. ಬಾಯಲ್ಲಿ ಹೇಳಿದರೆ ಮನೆ ಸೇರುವಷ್ಟರಲ್ಲಿ ಕಾಳು ಇಡೀ ಕಾಯಿಯಷ್ಟಾಗಿರುತ್ತದೆ ಎಂಬುದು ಅವರ ಅನುಭವ. ಅದಕ್ಕೇ ಪ್ರತಿಯೊಬ್ಬರ ಟ್ಯೂಬಿನ ಡಬ್ಬಿಯೊಳಗೂ ಒಂದೊಂದು ಕಾಳು ಹಾಕಿ ಕಳಿಸುತ್ತಾರೆ. ಇಂಗ್ಲಿಷ್ ಓದಲು ಬಾರದ ಅವರಿಗೆ ಕೆಂಪು ನೇಲ್ ಪಾಲಿಶ್ಶೇ ಲಿಪಿ. ಟ್ಯೂಬಿನ ಮೇಲೆ ಒಂದು ಚುಕ್ಕೆ ಎಂದರೆ ರಾತ್ರಿ ಮಾತ್ರ. ಎರಡು ಚುಕ್ಕೆ ಎಂದರೆ ರಾತ್ರಿ ಮಾತ್ರ, ಮತ್ತು ಬಸುರಿಯರು ಮುಟ್ಟುವಂತಿಲ್ಲ. ಮುಗಿದ ಮೇಲೆ ಖಾಲಿ ಟ್ಯೂಬು ಮರಳಿ ಬರಬೇಕು. ಅದನ್ನು ನೋಡದೆ ಹೊಸ ಚೀಟಿಗೆ ಒಳಗೆ ಬಿಡುವುದಿಲ್ಲ.

ಶೀತಲಳ ಟ್ಯೂಬಿನ ಮೇಲೆ ಎರಡು ಚುಕ್ಕೆ.

ಐದು ವಾರದ ಹಿಂದೆ, ಎರಡನೆಯ ಚುಕ್ಕೆ ಇಡುವ ಮೊದಲು, ಎಲ್ಲರಿಗೂ ಕೇಳುವಂತೆ ಆಕೆಗೂ ಕೇಳಿದ್ದರು: ನೀ ಹೊಟ್ಟಿಲೆ ಇದ್ದೀಯೇನು, ಹಂಗೇನರ ವಿಚಾರ ಐತೇನು, ಮನ್ಯಾಗ ಯಾರರ ಅದಾರೇನು. ಮೂರಕ್ಕೂ ಶೀತಲ ಇಲ್ಲ ಅಂದಿದ್ದಳು.

"ಮನ್ಯಾಗ ಯಾರ್ಯಾರು ಇರತೀರಿ?"

"ಮಮ್ಮಿ, ಅಣ್ಣ, ಭಾಭಿ."

"ವೈನಿ ಹೊಟ್ಟಿಲೆ ಅದಾಳೇನು?"

ಶೀತಲ ಗಡಿಯಾರ ನೋಡುವುದನ್ನು ನಿಲ್ಲಿಸುತ್ತಾಳೆ. ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. "ಮಮ್ಮಿ ಬೋಲೀ ಥೀ, ಕಿಸೀಕೋ ನಹೀ ಬತಾನಾ. ಮೂರು ತಿಂಗಳು ಆಗೋತನಕ ಯಾರಿಗೂ ಹೇಳಬಾರದು ಅಂತ. ಅದಕ್ಕೆ ಆವತ್ತು ಇಲ್ಲ ಅಂದೆ."

"ಈಗ ಎಷ್ಟಾತು?"

"ಎರಡೂವರೆ."

ಗುರುಬಾಯಿ ಟ್ಯೂಬನ್ನು ಮೇಜಿನ ಮೇಲಿಡುತ್ತಾರೆ. ಕ್ರೀಮು ಒಂದೇ ಆಗಿದ್ದರೆ ಇಷ್ಟು ಗಾಬರಿಯಾಗುತ್ತಿರಲಿಲ್ಲ. ಶೀತಲಳಿಗೆ ಡಾಕ್ಟರು ದಿನಕ್ಕೊಂದು ಗುಳಿಗೆಯನ್ನೂ ಬರೆದಿದ್ದಾರೆ. ಮೊಡವೆಯ ಬೇರಿನಲ್ಲಿರುವ ಹಾರ್ಮೋನಿನ ಹಾವಳಿ ತಗ್ಗಿಸುವ ಗುಳಿಗೆ ಅದು. ಹೊಟ್ಟೆಯಲ್ಲಿ ಕೂಸು ಇರುವವರು ಅದನ್ನು ನುಂಗುವಂತೆಯೇ ಇಲ್ಲ. ಕ್ರೀಮಿನಿಂದ ನಾದಿನಿಯ ಮುಖ ತಿಳಿಯಾಗುತ್ತಿದೆ ಎಂದು ಕಂಡ ಆ ವೈನಿ ಪಕ್ಕದಲ್ಲೇ ಇರುವ ಗುಳಿಗೆಯನ್ನು ಬಿಟ್ಟಾಳೆಯೇ?

ಶೀತಲ ವೈನಿಗೆ ಫೋನು ಮಾಡುತ್ತಾಳೆ. ರಿಂಗಾಗುತ್ತದೆ, ಎತ್ತುವುದಿಲ್ಲ. ಗುರುಬಾಯಿ ಡಾಕ್ಟರಿಗೆ ಮಾಡುತ್ತಾರೆ. ಬೆಳಗಾವಿಯ ಜ್ಯೋತ್ಸ್ನಾ ಅರ್ಧ ದಾರಿಯಲ್ಲಿ ರಿಕ್ಷಾದಲ್ಲಿದ್ದಾರೆ.

"ಕ್ರೀಮಿಗೆ ಗಾಬರಿ ಆಗಬ್ಯಾಡ ಗುರುಬಾಯಿ, ಚರ್ಮದಿಂದ ಒಳಗ ಹೋಗೂದು ಭಾಳ ಕಡಿಮಿ. ಇವತ್ತಿಂದ ಬಂದ್ ಮಾಡಸು, ಅಷ್ಟ. ಗುಳಿಗಿ ತೊಗೊಂಡಾಳೇನು? ಅದನ್ನ ಮೊದಲ ನೋಡು. ತೊಗೊಂಡಿದ್ದರ ಈಗಿಂದೀಗ ಕರಕೊಂಡು ಬಾ."

"ಸಾಲು ಯಾರು ನೋಡತಾರ್ರೀ?"

"ನಾ ನೋಡತೇನಿ. ನೀ ನಡಿ."

ಹದಿನೇಳು ವರ್ಷದಲ್ಲಿ ಮೊದಲ ಸಲ ಗುರುಬಾಯಿ ಸಾಲು ಬಿಟ್ಟು ಹೊರಡುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೈಪು ಇಳಿಸುತ್ತಿರುವ ಟೆಂಪೋಗಳ ಸಂದಿಯಲ್ಲಿ ನುಸುಳುತ್ತ, ಮುಂದೆ ಅವರು, ಹಿಂದೆ ಶೀತಲ. ಶೀತಲಳ ಮನೆಯಿರುವ ಚಾಳಿಗೆ ಹನ್ನೆರಡು ನಿಮಿಷದ ದಾರಿ. ಆ ದಾರಿಯುದ್ದಕ್ಕೂ ಅವರು ಬೈದುಕೊಳ್ಳುವುದು ಶೀತಲಳನ್ನಲ್ಲ. "ನಾನೂ ಅವರ ಸೀಮಿ ಹೆಂಗಸ," ಎಂದು ಆಮೇಲೆ ಹೇಳುತ್ತಾರೆ. "ಮೂರ ತಿಂಗಳ ತುಂಬೂತನಕ ನಮ್ಮವರು ಬಾಯಿ ಬಿಡೂದಿಲ್ಲಂತ ನನಗ ಗೊತ್ತಿಲ್ಲೇನು? ಗೊತ್ತಿದ್ದೂ, ಇಲ್ಲ ಅಂದದ್ದನ್ನ ನಂಬಿದೆ."

ಗೊತ್ತಿಲ್ಲದೆ ಹಚ್ಚಿದ ಕ್ರೀಮು ಏನು ಮಾಡಬಲ್ಲದು ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ವಿಜಯಪುರದ ಇಂಡಿ ಕಡೆಯ ಹಳ್ಳಿಯಿಂದ, ಅಂಧೇರಿಯ ಬಿಲ್ಡಿಂಗುಗಳಿಗೆ ಟೈಲ್ಸ್ ಕೂಡಿಸುವ ಗಂಡ ರಾಮಪ್ಪನ ಹಿಂದೆ ಬಂದವರು. ಇಪ್ಪತ್ತೇಳನೆಯ ವಯಸ್ಸಿಗೆ ಅವರ ಮುಖದ ಮೇಲೂ ಮೊಡವೆ ಎದ್ದವು. ಓಣಿಯ ಅಂಗಡಿಯವನು ಚೀಟಿ ಕೇಳದೆ ಒಂದು ಬಿಳಿ ಕ್ರೀಮು ಕೊಟ್ಟ. ಮೂರೇ ದಿನಕ್ಕೆ ಮುಖ ಕನ್ನಡಿಯಂತಾಯಿತು. ಕಥೆಯಲ್ಲಿ ಮಾಯಾವಿ ಕೊಟ್ಟ ವರದ ಹಾಗೆ, ಕೊಟ್ಟದ್ದನ್ನು ಅದು ಬಡ್ಡಿಸಮೇತ ಕಿತ್ತುಕೊಂಡಿತು. ನಾಲ್ಕು ವರ್ಷ ಹಚ್ಚಿದರು. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಯಿತು, ಬಿಸಿಲಿಗೆ ಹೋದರೆ ಬೆಂಕಿ, ಬಿಟ್ಟರೆ ಮೊದಲಿನ ಎರಡರಷ್ಟು ಮೊಡವೆ. ನಳದ ಸಾಲಿನಲ್ಲಿ ಹೆಂಗಸರು ಒಂದು ಕೊಡದಷ್ಟು ದೂರ ಸರಿದು ನಿಲ್ಲತೊಡಗಿದರು.

ಈ ಕ್ಲಿನಿಕ್ಕಿಗೆ ಕಸ ಹೊಡೆಯಲು ಬಂದದ್ದು ಮುಖದ ತುಂಬ ಸೆರಗು ಹೊದ್ದುಕೊಂಡು. "ಡಾಕ್ಟರ್ ಬಾಯಿ ಸೆರಗು ಸರಿಸಿ ನೋಡಿದ್ರು. ಒಂದೂ ಬೈಲಿಲ್ಲ. ಅದರಾಗ ಸ್ಟೆರಾಯ್ಡ್ ಐತಿ ಅಂದ್ರು. ನಾಕ ವರ್ಷ ಹಚ್ಚಿದ್ದರ ಹೆಸರು ನನಗ ಅವತ್ತ ಗೊತ್ತಾತು." ಕ್ರೀಮು ಬಿಡಿಸಿ, ಮೃದು ಸೋಪು, ಸಾದಾ ಮಾಯಿಶ್ಚರೈಸರ್, ಬಿಸಿಲಿಗೆ ಸನ್‌ಸ್ಕ್ರೀನ್ ಇಷ್ಟರಲ್ಲೇ ಹಾದಿ ಹಿಡಿದು, ಮುಖ ಮುಖವಾಗಲು ಒಂದೂವರೆ ವರ್ಷ ಬೇಕಾಯಿತು. ಕೆನ್ನೆಯ ಮೇಲೆ ಕೆಂಪು ನರದ ಜಾಲ ಇವತ್ತಿಗೂ ಉಳಿದಿದೆ. ನಂಬದ ಹೆಂಗಸರಿಗೆ ಗುರುಬಾಯಿ ಅದನ್ನೇ ತೋರಿಸುತ್ತಾರೆ.

ಚಾಳಿನ ಎರಡನೆಯ ಮಾಳಿಗೆ. ಬಾಗಿಲಲ್ಲಿ ಶೀತಲಳ ತಾಯಿ ಚನ್ನವ್ವ, ಕೈಯಲ್ಲಿ ಹಾಲಿನ ಪಾಕೀಟು.

"ಆಫೀಸಿಗೆ ಹೋಗಲಿಲ್ಲೇನ? ಇವರು ಯಾರು?"

"ದವಾಖಾನಿ ಅಕ್ಕ, ಮಮ್ಮಿ. ಭಾಭಿ ಎಲ್ಲಿ?"

ಚನ್ನವ್ವನ ಮುಖ ಗಂಟಾಗುತ್ತದೆ. "ಆಕಿ ಹತ್ರ ದವಾಖಾನಿಯವರದೇನ ಕೆಲಸ? ಏನೇನು ಒದರಿ ಬಂದೀ ನೀ?"

ಗುರುಬಾಯಿ ಹೊಸ್ತಿಲ ಹೊರಗೇ ನಿಲ್ಲುತ್ತಾರೆ. ಒಂದು ತಪ್ಪು ಮಾತು ಹೊರಬಿದ್ದರೆ ಈ ಬಾಗಿಲು ಮುಚ್ಚುತ್ತದೆ. ಮುಚ್ಚಿದರೆ ಗುಳಿಗೆಯ ವಿಷಯ ಒಳಗೇ ಉಳಿಯುತ್ತದೆ.

"ಅಕ್ಕಾರ, ನಾ ಬಂದದ್ದು ಶೀತಲನ ಔಷಧದ ಸಲುವಾಗಿ. ಬ್ಯಾರೆ ಏನೂ ನಾ ಕೇಳೂದಿಲ್ಲ. ನೀವೂ ಹೇಳಬ್ಯಾಡ್ರಿ. ಗುಳಿಗಿ ಡಬ್ಬಿ ಒಂದ ತೋರಸ್ರಿ ಸಾಕು."

ಚನ್ನವ್ವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಆಮೇಲೆ ಪಕ್ಕಕ್ಕೆ ಸರಿಯುತ್ತಾರೆ.

ಒಂದೇ ಖೋಲಿ. ಗೋಡೆಗೆ ಒಂದೇ ಕನ್ನಡಿ, ಅದರ ಕೆಳಗೆ ಒಂದೇ ಹಲಗೆ. ಬಾಚಣಿಕೆ, ಪೌಡರು, ಕಾಡಿಗೆ, ಅಣ್ಣನ ರೇಜರು, ಶೀತಲಳ ಗುಳಿಗೆಯ ಡಬ್ಬಿ, ಎಲ್ಲ ಹೆಗಲಿಗೆ ಹೆಗಲು ತಾಗಿಸಿಕೊಂಡು ಕೂತಿವೆ. ಯಾವುದು ಯಾರದು ಎಂದು ಈ ಹಲಗೆ ಯಾವತ್ತೂ ಕೇಳಿದ್ದಿಲ್ಲ.

ಗುರುಬಾಯಿ ಡಬ್ಬಿಯನ್ನು ನೆಲದ ಮೇಲೆ ಸುರುವಿ ಕೂರುತ್ತಾರೆ. ಹತ್ತು ಗುಳಿಗೆಯ ನಾಲ್ಕು ಪಟ್ಟಿ. ಶೀತಲ ದಿನ ತಪ್ಪಿಸಿಲ್ಲ, ಇವತ್ತಿನದೂ ಆಗಿದೆ. ಮೂವತ್ತೈದು ದಿನ. ಹಾಗಾದರೆ ಐದು ಉಳಿದಿರಬೇಕು.

ನಾಲ್ಕು ಇವೆ.

ಮತ್ತೆ ಎಣಿಸುತ್ತಾರೆ. ನಾಲ್ಕೇ.

ಅಷ್ಟರಲ್ಲಿ ಸೊಸೆ ಭುವನೇಶ್ವರಿ ಬಕೆಟ್ಟು ಹಿಡಿದು ಒಳಗೆ ಬರುತ್ತಾಳೆ. ಧಾರವಾಡದ ಹುಡುಗಿ, ಮದುವೆಯಾಗಿ ಒಂದು ವರ್ಷ. ಗದ್ದದ ತುಂಬ ಕೆಂಪು ಗುಳ್ಳೆ, ಬಾಯಿಯ ಮೂಲೆಯಲ್ಲಿ ಎದ್ದ ಸಿಪ್ಪೆ. ಟ್ಯೂಬಿನ ಎರಡನೆಯ ಕೈ ಯಾವುದೆಂದು ಗುರುಬಾಯಿ ಕೇಳಬೇಕಾಗಿಯೇ ಇಲ್ಲ.

"ಇಲ್ಲಿ ಕೂಡ ಬಾ, ಯವ್ವಾ. ಇದನ್ನ ನುಂಗೀಯೇನು? ಒಂದರ? ಹೆದರಬ್ಯಾಡ, ಖರೇ ಹೇಳು."

ಭುವನೇಶ್ವರಿ ಅತ್ತೆಯ ಮುಖ ನೋಡುತ್ತಾಳೆ. "ಇಲ್ರೀ. ಕ್ರೀಮ್ ಅಷ್ಟ. ಮೂರ ವಾರ ಆತು. ದಿನಾ ಎರಡ ಸಲ."

"ಹಂಗಾರ ಒಂದ ಎಲ್ಲಿ ಹೋತು?"

ಹೊರಗೆ ಯಾರದೋ ಕುಕ್ಕರು ಕೂಗಿ ಸುಮ್ಮನಾಗುತ್ತದೆ. ಗುರುಬಾಯಿಯ ಕಣ್ಣು ಭುವನೇಶ್ವರಿಯ ಮೇಲಿಂದ ಕದಲುವುದಿಲ್ಲ. ಹೆದರಿದವರು ಸುಳ್ಳು ಹೇಳುವ ಬಗೆ ಅವರಿಗೆ ಗೊತ್ತು. ಒಂದು ಕಾಲಕ್ಕೆ ತಾವೂ ಹೇಳಿದವರೇ.

ಆಗ ಶೀತಲ ಒಮ್ಮೆಲೇ ತನ್ನ ಪರ್ಸಿನ ಜಿಪ್ಪು ಎಳೆಯುತ್ತಾಳೆ. ಟ್ರೇನಿನ ಪಾಸು, ಸೇಫ್ಟಿ ಪಿನ್ನು, ಪುದೀನಾ ಗೋಲಿ ತೆಗೆದು ಹಾಕುತ್ತಾಳೆ. ತಳದಲ್ಲಿ ಮಡಿಚಿದ ಒಂದು ಕಾಗದ. ಬೆಳಿಗ್ಗೆ ಎಂದಾದರೂ ಮರೆತರೆ ಆಫೀಸಿನಲ್ಲಿ ನುಂಗಲೆಂದು ಪಟ್ಟಿಯಿಂದ ಕತ್ತರಿಸಿ ಇಟ್ಟದ್ದು. ಬಿಚ್ಚಿದರೆ ಬೆಳ್ಳಿ ಕವಚದಲ್ಲಿ ಒಂದು ಗುಳಿಗೆ. ಪಕ್ಕದಲ್ಲಿ ಗುರುಬಾಯಿ ಕೊಟ್ಟ ತೊಗರಿ ಕಾಳು.

ಗುರುಬಾಯಿ ಎರಡನ್ನೂ ಅಂಗೈಗೆ ತೆಗೆದುಕೊಂಡು, ಗುಳಿಗೆಯನ್ನು ಉಳಿದ ನಾಲ್ಕರ ಪಕ್ಕದಲ್ಲಿಡುತ್ತಾರೆ. ಐದು, ಲೆಕ್ಕ ಸರಿಹೋಯಿತು.

"ಕ್ರೀಮ್ ನಾನ ಕೊಟ್ಟೆ," ಎಂದು ಹೇಳುವವರು ಚನ್ನವ್ವ. ದನಿ ಸಣ್ಣದಾಗಿದೆ. "ಮುಖದ ತುಂಬ ಎದ್ದಿದ್ವು. ನೋಡಿದ ಮಂದಿ, ಏನ ವಿಶೇಷ ಅಂತ ಕೇಳಾಕ ಶುರು ಮಾಡಿದ್ರು. ಮೂರ ತಿಂಗಳಾಗೂ ಮುಂಚೆ ದೃಷ್ಟಿ ಬೀಳಬಾರದಂತ ನಾನ ಹಚ್ಚಿಸಿದೆ. ಮಗಳಿಗೆ ನಡದದ್ದು ಸೊಸಿಗೆ ಯಾಕ ನಡೀಬಾರದು ಅಂದಕೊಂಡೆ."

ಬಸಿರಿನಿಂದಲೇ ಎದ್ದ ಮೊಡವೆ. ಅದನ್ನು ಮುಚ್ಚಿದರೆ ಬಸಿರೂ ಮುಚ್ಚಿರುತ್ತದೆ ಎಂದು ಹಚ್ಚಿದ ಕ್ರೀಮು. ಗುರುಬಾಯಿ ಬೈಯುವುದಿಲ್ಲ. ಚನ್ನವ್ವನ ಕೈ ಹಿಡಿದು, ಬಸಿರು ಎಂಬ ಆ ಒಂದು ಶಬ್ದವನ್ನು ಬಾಯಿಗೆ ತಾರದೆಯೇ ಎಲ್ಲವನ್ನೂ ತಿಳಿಸುತ್ತಾರೆ. "ಇವತ್ತಿಂದ ಈ ಕ್ರೀಮ್ ಬಂದ್. ಸೌಮ್ಯ ಸೋಪಿಲೆ ಎರಡ ಹೊತ್ತು ಮುಖ ತೊಳೀಲಿ. ಆಕಿನ್ನ ನೋಡೂ ಡಾಕ್ಟರ್ ಇರತಾರಲ್ಲ, ಅವರಿಗೆ ಇದನ್ನ ಹಚ್ಚಿದ್ದೆ ಅಂತ ಹೇಳಲಿ, ಮುಚ್ಚಬಾರದು. ನಾಳೆ ನಮ್ಮಲ್ಲಿ ಕರಕೊಂಡು ಬರ್ರಿ. ಇಂಥಾ ದಿನಕ್ಕೂ ನಡಿಯೂ ಕ್ರೀಮ್ ಅದಾವ."

"ನಮ್ಮ ಮನಿ ವಿಷಯ ದವಾಖಾನ್ಯಾಗ..."

"ನನ್ನ ಬಾಯಾಗಿಂದ ಬರೂದಿಲ್ರೀ."

ಬರುವುದೂ ಇಲ್ಲ. ಮೂರು ತಿಂಗಳು ತುಂಬಿ, ಪೇಢೆಯ ಡಬ್ಬಿ ಹಿಡಿದು ಚನ್ನವ್ವನೇ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದ ಮೇಲೆಯೇ ಈ ಕಥೆ ಬಾಯಿಬಿಟ್ಟದ್ದು. ಬರೆಯಲೂ ಚನ್ನವ್ವನ ಮನೆಯವರ ಒಪ್ಪಿಗೆ ಇದೆ. ಸೋನೋಗ್ರಫಿ ಆಗಿದೆ, ಸದ್ಯಕ್ಕೆ ಎಲ್ಲ ಸರಿಯಿದೆ ಎಂದಿದ್ದಾರೆ ಡಾಕ್ಟರು. 'ಸದ್ಯಕ್ಕೆ' ಎಂಬ ಮಾತನ್ನು ಗುರುಬಾಯಿ ಮಾತ್ರ ಇನ್ನೂ ಮಡಿಲಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದಾರೆ. ಭುವನೇಶ್ವರಿಗೆ ಬೇರೆ ಕ್ರೀಮು ಸಿಕ್ಕಿದೆ. ಅದರ ಮೇಲೆ ಒಂದೇ ಚುಕ್ಕೆ, ಡಬ್ಬಿಯೊಳಗೆ ಆಕೆಯದೇ ಒಂದು ಕಾಳು.

ನಿಮ್ಮ ಆಸೆ ಏನು ಎಂದರೆ ಗುರುಬಾಯಿ ನಗುತ್ತಾರೆ. "ದೊಡ್ಡದೇನಿಲ್ರೀ. ಮನಿಗೊಂದಲ್ಲ, ಮುಖಕ್ಕೊಂದು ಟ್ಯೂಬ್ ಇರಲಿ. ಅಷ್ಟಾದ್ರ ನನ್ನ ಅರ್ಧಾ ಕೆಲಸ ಕಡಿಮಿ."

ಆ ದಿನದಿಂದ ಅವರು ಒಂದು ಪ್ರಶ್ನೆ ಬದಲಿಸಿದ್ದಾರೆ. ಮನೆಯಲ್ಲಿ ಯಾರಾದರೂ ಹೊಟ್ಟಿಲೆ ಇದ್ದಾರೆಯೇ ಎಂದು ಈಗ ಕೇಳುವುದಿಲ್ಲ. ಅದಕ್ಕೆ ಎಲ್ಲರೂ ಇಲ್ಲ ಎನ್ನುತ್ತಾರೆ.

ಇನ್ನೊಂದು ಬೆಳಿಗ್ಗೆ, ಏಳೂ ಹತ್ತು. ಸ್ಟೂಲಿನ ಮೇಲೆ ಹೊಸಬಳೊಬ್ಬಳು, ಮೊದಲ ಟ್ಯೂಬು. ಗುರುಬಾಯಿ ನೇಲ್ ಪಾಲಿಶ್ಶಿನ ಮುಚ್ಚಳ ತಿರುಗಿಸುತ್ತಾರೆ.

"ನಿಮ್ಮನಿ ಕನ್ನಡಿ ಮುಂದ ಎಷ್ಟು ಮಂದಿ ಹೆಂಗಸರು ನಿಲ್ಲತೀರಿ?"

ಇದೆಂಥ ಪ್ರಶ್ನೆ ಎಂದು ಆಕೆ ನಗುತ್ತಾಳೆ. ಬೆರಳು ಮಡಿಚುತ್ತಾಳೆ. "ಐದು."

"ಹೌದಾ," ಅನ್ನುತ್ತಾ ಗುರುಬಾಯಿ ತಮ್ಮ ಸ್ಟೂಲನ್ನು ಹತ್ತಿರ ಎಳೆದುಕೊಳ್ಳುತ್ತಾರೆ. "ಒಬ್ಬೊಬ್ಬರದ ಹೇಳು."