ಅರೆಪ್ರಜ್ಞೆಯ ಕನ್ನಡ

ಕಳೆದ ವಾರ ನನ್ನ ಮೊಮ್ಮಗಳು ಒಬ್ಬ ಡಾಕ್ಟರಿಗೆ ಒದ್ದಳು.

ವಿಷಯ ಗಂಭೀರ, ನಗಬೇಡಿ. ಆರು ವರ್ಷದ ಕಾವ್ಯ ತಮಿಳುನಾಡಿನ ಓಡೈಪಟ್ಟಿಯ ನಮ್ಮ ದ್ರಾಕ್ಷಿ ಚಪ್ಪರದ ಕಲ್ಲುಕಂಬ ಹತ್ತಿದಳು. ಇಳಿಯುವುದು ಹೇಗೆಂದು ಆಮೇಲೆ ಯೋಚಿಸಿದಳು. ಮೊಣಕೈ ಮೂಳೆ ಮುರಿಯಿತು. ತೇನಿಯ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಕೂಡಿಸಿದರು.

ಎಚ್ಚರವಾಗುತ್ತಿದ್ದಂತೆ ರಂಪ ಶುರು. ಕಿರುಚಾಟ, ಒದೆತ, ಕೈಯ ಕಟ್ಟು ಕೀಳುವ ಯತ್ನ. ಕಣ್ಣು ತೆರೆದಿದೆ, ಯಾರ ಗುರುತೂ ಇಲ್ಲ, ಹೆತ್ತ ತಾಯಿಯದೂ.

"ಮಕ್ಕಳಲ್ಲಿ ಇದು ಉಂಟು," ಎಂದರು ಡಾಕ್ಟರ್ (ಒದೆ ತಿಂದರೂ ಸಜ್ಜನರು). "ಬರೀ ಮಂಪರಿನ ಗಲಾಟೆಯೋ, ನಿಜವಾದ ನೋವೋ ತಿಳಿಯಬೇಕು. ಹೀಗೇ ಒದ್ದಾಡಿದರೆ ಮೂಳೆ ಜರುಗೀತು. ಕೇಳಿ ನೋಡಿ."

ಕೇಳಿದೆವು. ಮಗ, ಸೊಸೆ, ನಾನು, ನನ್ನ ಹೆಂಡತಿ, ಎಲ್ಲರೂ ತಮಿಳಿನಲ್ಲಿ. "ಎಂಗೆ ವಲಿಕ್ಕುದು, ಕಣ್ಣು?"

'ನೋವೆಲ್ಲಿ, ಬಂಗಾರ?' ಎಂದು ಕೇಳಲು ತಮಿಳೇಕೆ? ಶತಮಾನಗಳ ಹಿಂದೆ ಈ ಕಂಬಂ ಕಣಿವೆಗೆ ಬಂದ ಕನ್ನಡದವರು ನಾವು. ಮನೆಯೊಳಗೆ ಕನ್ನಡ, ಹೊರಗಿನವರೊಬ್ಬರು ಎದುರಿಗಿದ್ದರೆ ತಮಿಳು. ಅವರಿಗೆ ತಿಳಿಯದ್ದನ್ನು ಅವರ ಮುಂದೆ ಆಡುವುದು ಮರ್ಯಾದೆಯಲ್ಲ. ಮೂಳೆ ಮುರಿದರೂ ನಮ್ಮ ಮರ್ಯಾದೆ ಮುರಿಯದು! ಕಾವ್ಯಳೋ, ಮನೆಯಲ್ಲೂ ಕನ್ನಡ ಕೇಳಿಸಿಕೊಂಡು ತಮಿಳಿನಲ್ಲೇ ಉತ್ತರಿಸುವವಳು. ನಮ್ಮ ಮಾತು ನನ್ನ ಕಾಲಕ್ಕೇ ಮುಗಿಯಿತೆಂದು ನಾನು ಅದರ ಶ್ರಾದ್ಧದ ಸಿದ್ಧತೆಯಲ್ಲಿದ್ದೆ.

ನಮ್ಮ ತಮಿಳಿಗೆ ಒದೆತವೇ ಉತ್ತರವಾಗಿ, ಕೊನೆಗೆ ನನ್ನ ಹೆಂಡತಿಯ ತಾಳ್ಮೆ ಕೆಟ್ಟಿತು. ಡಾಕ್ಟರನ್ನು ಪಕ್ಕಕ್ಕೆ ಸರಿಸಿ, ಮನೆಯ ದನಿಯಲ್ಲೇ ಗದರಿದಳು: "ಏಯ್ ಕಳ್ಳಿ, ಅವ್ವ ಬಂದಿವ್ನಿ ಕಣೇ! ಎಲ್ಲಿ ನೋಯ್ತೈತೆ, ಹೇಳು!" (ಅವ್ವ ಎಂದರೆ ನಮ್ಮಲ್ಲಿ ಅಜ್ಜಿ.)

ಕಾಲು ನಿಂತಿತು. ಕಣ್ಣು ಅತ್ತಿತ್ತ ಹುಡುಕಿತು.

"ಕೈ ನೋಯ್ತೈತೆ ಅವ್ವಾ... ಉರೀತೈತೆ. ಇವ್ರ್ನ ಆಚೀಕ್ ಹೋಗಾಕ್ ಹೇಳು!"

ಕನ್ನಡ! ಹುಟ್ಟಿದ ಮೇಲೆ ಅವಳಾಡಿದ ಮೊದಲ ಪೂರ್ಣ ಕನ್ನಡ!

ಮೊದಲರ್ಧವನ್ನು ಡಾಕ್ಟರಿಗೆ ಅನುವಾದಿಸಿದೆ. ಉಳಿದರ್ಧವನ್ನು ಸಭ್ಯತೆಯ ದೃಷ್ಟಿಯಿಂದ ತಡೆಹಿಡಿದೆ. ನೋವೇ ಎಂದು ಖಚಿತವಾಯಿತು, ಔಷಧಿ ಕೊಟ್ಟರು. ಅಜ್ಜಿಯ ಸೆರಗು ಹಿಡಿದು ಮಲಗಿದಳು. ಮೂಳೆ ಕೂತಲ್ಲೇ ಕೂತಿತ್ತು.

"ಇದು ಯಾವ ಭಾಷೆ ಸಾರ್?" ಎಂದರು ಡಾಕ್ಟರ್.

"ನಮ್ಮ ಮನೇದು," ಎಂದೆ. ಅಂಗಿಯ ಗುಂಡಿ ಉಳಿದದ್ದೇ ಹೆಚ್ಚು, ಎದೆ ಅಷ್ಟು ಉಬ್ಬಿತ್ತು.

ಸಂಜೆಗೆ ಅವಳಿಗೆ ಯಾವುದೂ ನೆನಪಿಲ್ಲ. ಅಪ್ಪಟ ತಮಿಳಿನಲ್ಲಿ ಐಸ್‌ಕ್ರೀಮ್ ಕೇಳಿದಳು. ನಾನು ಕಿವುಡನಂತೆ ಕೂತೇ ಇದ್ದೆ.

ನೋವಿಗೆ ಒದಗಿದ ಮಾತು ಐಸ್‌ಕ್ರೀಮಿಗೆ ಒದಗದೇ ಹೋದೀತೇ?