ಹಲ್ಲು ನೋಡದೆ ಮಾಡಿದ ವಿಮೆ

ಅವರ ಎಡಗೈಯ ಎರಡು ಬೆರಳುಗಳ ನಡುವೆ ಒಂದು ಕಪ್ಪು ಗೀರು ಇತ್ತು. ನಲವತ್ತು ವರ್ಷ ಲಗಾಮು ಹಿಡಿದು ಹಿಡಿದು ಜಡ್ಡುಗಟ್ಟಿದ ಗೀರು. ಟೀ ಲೋಟ ಹಿಡಿದಾಗಲೂ ಆ ಎರಡು ಬೆರಳು ಲೋಟಕ್ಕೆ ತಾಗದೆ, ಕೊಂಚ ಮಡಚಿಕೊಂಡೇ ಇರುತ್ತಿದ್ದವು. ಎಷ್ಟು ಸೋಪು ಹಾಕಿ ಉಜ್ಜಿದರೂ ಮೈಯಿಂದ ನೆನೆದ ಹುರುಳಿಯ ವಾಸನೆ ಹೋಗುವುದಿಲ್ಲ ಎಂದು ಅವರ ಹೆಂಡತಿ ಗೊಣಗುತ್ತಿದ್ದರು. ನನಗೆ ಆ ವಾಸನೆ ಇಷ್ಟ. ನನ್ನ ಪಾಲಿಗೆ ಅದು ಶಾಲೆಗೆ ಹೊರಡುವ ಬೆಳಗಿನ ವಾಸನೆ.

ಶ್ರೀರಂಗಪಟ್ಟಣದಲ್ಲಿ ನಮ್ಮ ಬೀದಿಯ ಏಳು ಹುಡುಗಿಯರನ್ನು ಅವರು ತಮ್ಮ ಜಟಕಾದಲ್ಲಿ ಶಾಲೆಗೆ ಬಿಡುತ್ತಿದ್ದರು. ನಮ್ಮದು ದೇವಸ್ಥಾನದ ಕೆಲಸ ಮಾಡಿಕೊಂಡು ಬಂದ ಮನೆ, ಅಜ್ಜಿಗೆ ಮಡಿಯ ಚಿಂತೆ ಬಹಳ. ಆ ಅಜ್ಜಿಯೇ ನನ್ನನ್ನು ದಿನಾ ಬೆಳಿಗ್ಗೆ ಇವರ ಪಕ್ಕದಲ್ಲಿ ಕೂರಿಸಿ, "ಸಾಬರೇ, ಮಗು ಜೋಪಾನ" ಎಂದು ಒಳಗೆ ಹೋಗುತ್ತಿದ್ದಳು. ನಾವೆಲ್ಲ ಅವರನ್ನು ಚಾಚಾ, ಅವರ ಹೆಂಡತಿಯನ್ನು ಚಾಚಿ ಎನ್ನುತ್ತಿದ್ದೆವು. ಆಮೇಲಾಮೇಲೆ ಅಜ್ಜಿಯೂ ಹಾಗೇ ಕರೆದಳು.

ಚಾಚಾ ಮನುಷ್ಯರನ್ನೂ ಕುದುರೆ ನೋಡುವ ಕಣ್ಣಿನಲ್ಲೇ ನೋಡುತ್ತಿದ್ದರು. "ನಿಮ್ ಗಣಿತದ್ ಮೇಷ್ಟ್ರು ಬಲಗಾಲು ಎಳೀತಾವ್ರೆ, ಸೊಂಟ ಇಡ್ಕಂಡದೆ" ಎಂದು ಅವರು ಹೇಳಿದ ತಿಂಗಳಿಗೆ ಮೇಷ್ಟರು ರಜೆ ಹಾಕಿ ಮಲಗಿದ್ದರು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಬಸ್ ನಿಲ್ದಾಣದಿಂದ ಕರೆತಂದವರೂ ಇವರೇ. ಒಳಗೆ ಉಪ್ಪಿಟ್ಟು ಕೊಡುತ್ತಿದ್ದ ಹೊತ್ತಿಗೆ ಕಿಟಕಿಯಲ್ಲಿ ಮುಖ ತೂರಿಸಿ, "ಅಲ್ಲು ಚೆನ್ನಾಗವೆ, ನಡಿಗೆ ಚೆನ್ನಾಗದೆ. ಒಪ್ಕಳವ್ವ" ಎಂದು ಪಿಸುಗುಟ್ಟಿ ಹೋದರು. ಒಪ್ಪಿಕೊಂಡೆ. ಗಂಡನಿಗೆ ಇಲ್ಲೇ ಕೆಲಸ ಸಿಕ್ಕಿ ಊರಲ್ಲೇ ಉಳಿದೆ.

ಕುದುರೆ ವ್ಯಾಪಾರಕ್ಕೆ ಅವರದೊಂದು ಕಟ್ಟಳೆಯಿತ್ತು. ಹಲ್ಲು, ಗೊರಸು, ಸುಳಿ ಎಲ್ಲವನ್ನೂ ಕೊಳ್ಳುವವನು ನೋಡಿಕೊಳ್ಳಬೇಕು. ಮಾರುವವನು ತಾನಾಗಿ ಐಬು ಹೇಳುವುದಿಲ್ಲ. ಕೈಗೆ ಕೈ ತಟ್ಟಿದ ಮೇಲೆ ಇಬ್ಬರೂ ಮಾತಾಡುವ ಹಾಗಿಲ್ಲ. ಒಮ್ಮೆ ಹೊಸಹೊಳಲಿನ ಕಡೆಯಿಂದ ಒಂದು ಕುದುರೆ ತಂದರು. ಮನೆಗೆ ಬಂದ ಮೇಲೆ ನೋಡಿದರೆ ಅದಕ್ಕೆ ಒಂದು ಕಣ್ಣು ಕಾಣದು. ವಾಪಸು ಬಿಟ್ಟು ಬಾ ಎಂದು ಎಲ್ಲರೂ ಹೇಳಿದರು. "ನೋಡ್ದೆ ತಂದೋನು ನಾನು. ಅವನ್ದೇನ್ ತಪ್ಪು?" ಎಂದರು. ಆ ಒಕ್ಕಣ್ಣಿನ ಕುದುರೆಯನ್ನು ಹನ್ನೊಂದು ವರ್ಷ ಸಾಕಿದರು. ಅದು ಕಾಣದ ಕಡೆಗೆ ವಾಲುತ್ತಿದ್ದುದರಿಂದ ನಾವು ಏಳೂ ಜನ ಇನ್ನೊಂದು ಕಡೆಗೆ ಒತ್ತರಿಸಿ ಕೂರುತ್ತಿದ್ದೆವು.

ನನ್ನ ಮಗಳು ಹೈಸ್ಕೂಲಿಗೆ ಬಂದಾಗ ಮನೆಯವರ ಸಂಬಳ ಸಾಲದೆ ನಾನು ವಿಮೆ ಏಜೆನ್ಸಿ ತೆಗೆದುಕೊಂಡೆ. ಮೊದಲ ಆರು ತಿಂಗಳು ಯಾರೂ ಹತ್ತಿರ ಸೇರಿಸಲಿಲ್ಲ. ನನ್ನನ್ನು ಕಂಡರೆ ನೆಂಟರು ಬೀದಿಯ ಆ ಬದಿಗೆ ದಾಟುತ್ತಿದ್ದರು. ಚಾಚಾ ಆಗ ಪ್ರವಾಸಿಗರನ್ನು ಕೋಟೆ ಸುತ್ತಿಸುತ್ತಿದ್ದರು. ಒಂದು ದಿನ ಗಾಡಿ ನಿಲ್ಲಿಸಿ, "ಏನವ್ವಾ, ನಿನ್ ಕಂಪ್ನಿ ಕುದ್ರೆಗೂ ಮಾಡ್ತದಾ?" ಎಂದರು. ನನ್ನ ಮೊದಲ ಗಿರಾಕಿ ಒಂದು ಕುದುರೆ.

ಅದಕ್ಕೆ ವಿಮೆ ಮಾಡಿಸಿದ್ದು ಒಂದು ಸಂಭ್ರಮ. ಪಶುವೈದ್ಯರು ಬಂದು ಬಾಯಿ ಬಿಡಿಸಿ ಹಲ್ಲು ಎಣಿಸಿದರು, ವಯಸ್ಸು ಬರೆದರು. ಎದೆಗೆ ಕೊಳವೆ ಇಟ್ಟು ಕೇಳಿದರು. ನಾಲ್ಕೂ ಕಾಲು ಎತ್ತಿಸಿದರು. ಹಣೆಯ ಸುಳಿ, ಹಿಂಗಾಲಿನ ಬಿಳಿ ಪಟ್ಟೆ, ಎಲ್ಲದರ ಗುರುತು ಹಾಕಿಕೊಂಡು ಎರಡೂ ಪಕ್ಕದಿಂದ ಫೋಟೋ ತೆಗೆದರು. ಚಾಚಾ ಮಗಳ ಮದುವೆಯಲ್ಲಿ ನಿಂತವರ ಹಾಗೆ ಪಕ್ಕದಲ್ಲಿ ನಿಂತಿದ್ದರು. ವರ್ಷಕ್ಕೆ ಮೂರು ಸಾವಿರದ ಚಿಲ್ಲರೆ ಕಂತು ಬಂತು.

"ಚಾಚಾ, ನಿಮಗೂ ಒಂದು ಆರೋಗ್ಯ ವಿಮೆ ಮಾಡಿಸಿಬಿಡೋಣ" ಎಂದೆ. ಮಗ ಹಳೆಯದೊಂದು ಕಾರು ಕೊಂಡಿದ್ದಕ್ಕೆ ಅವರ ಮನೆಯ ಬಿಪಿಎಲ್ ಕಾರ್ಡು ಹೋಗಿತ್ತು. ಕಾಯಿಲೆ ಬಿದ್ದರೆ ಕೈಯಿಂದಲೇ ಹಾಕಬೇಕಿತ್ತು.

"ನನಗೆಷ್ಟಾಯ್ತದೆ?"

"ನಿಮ್ಮ ವಯಸ್ಸಿಗೆ ಹದಿನೇಳು ಸಾವಿರ."

ಚಾಚಾ ಕುದುರೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಅಲ್ಲವ್ವ, ದುಡಿಯೋದು ಅದು. ಮೇಲ್ ಕುಂತ್ಕಳೋನು ನಾನು. ಅದಕ್ಕೆ ಮೂರು, ನನಗೆ ಅದ್ನೇಳಾ?"

ನಾನು ತಿಳಿಸಿ ಹೇಳಿದೆ. ಕುದುರೆಯ ವಿಮೆ ಅದು ಸತ್ತರೆ ಮಾತ್ರ ಬರುತ್ತದೆ, ಅದರ ಬೆಲೆ ಎಷ್ಟೋ ಅಷ್ಟು. ಅದಕ್ಕೆ ಜ್ವರ ಬಂದರೆ ಕಂಪನಿ ಒಂದು ಪೈಸೆ ಕೊಡುವುದಿಲ್ಲ. ನಿಮ್ಮದು ಹಾಗಲ್ಲ, ಆಸ್ಪತ್ರೆಗೆ ಸೇರಿದರೆ ಕೊಡುತ್ತದೆ, ಮತ್ತೆ ಸೇರಿದರೆ ಮತ್ತೆ ಕೊಡುತ್ತದೆ.

"ಅಂಗಾರೆ ಸಾಯೋದು ಅಗ್ಗ, ಬದ್ಕೋದೇ ದುಬಾರಿ ಅನ್ನು" ಎಂದು ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗ ನನಗೆ ಮೈ ಉರಿಯುತ್ತದೆ.

ಒಂದು ವಾರ ಯೋಚಿಸಿ ಚಾಚಾ ಒಪ್ಪಿದರು. ಅವರ ಮನೆಯ ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಅರ್ಜಿ ತುಂಬಿಸಿದೆ.

"ಡಾಕ್ಟ್ರು ಯಾವಾಗ್ ಬತ್ತಾರೆ?" ಎಂದು ಕೇಳಿದರು.

"ಬರಲ್ಲ ಚಾಚಾ. ಈ ಪಾಲಿಸಿಗೆ ಪರೀಕ್ಷೆ ಬೇಕಿಲ್ಲ. ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಸಾಕು."

"ಅಲ್ಲೂ ನೋಡಾಕಿಲ್ವಾ? ನೋಡ್ದೆ ತಗಂತಾರಾ?" ಅವರಿಗೆ ನಂಬಿಕೆಯೇ ಬರಲಿಲ್ಲ. ಆಮೇಲೆ ಆ ಕಂಪನಿಯ ಮೇಲೆ ಕನಿಕರಪಟ್ಟವರಂತೆ ತಲೆ ಆಡಿಸಿದರು.

ಸಕ್ಕರೆ ಕಾಯಿಲೆ ಇದೆಯೇ ಎಂಬ ಪ್ರಶ್ನೆ ಬಂತು. ಅವರ ಜೇಬಿನಲ್ಲಿ ಮಾತ್ರೆಯ ಚೀಟಿ ಇಣುಕುತ್ತಿದ್ದುದು ನನಗೆ ಕಾಣುತ್ತಿತ್ತು. "ಚಾಚಾ, ಸಕ್ಕರೆ?" ಎಂದೆ. "ಆರು ವರ್ಷ ಆಯ್ತು ಕಣವ್ವ. ಆದ್ರೆ ಇಲ್ಲ ಅಂತ ಬರಿ. ಅವ್ರೇ ನೋಡ್ದೆ ತಗಂತಾವ್ರೆ, ನಾವ್ಯಾಕ್ ಐಬು ಏಳನ? ಒಂದ್ಸಲ ತಗಂಡ್ ಮೇಲೆ ಮುಗೀತು."

ಇದು ಕುದುರೆ ವ್ಯಾಪಾರವಲ್ಲ ಎಂದು ನಾನು ಹೇಳಬೇಕಿತ್ತು. ಇಲ್ಲಿ ಕೈ ತಟ್ಟಿದ ಮೇಲೂ ಅವರು ವಾಪಸು ಬಂದು ಹಲ್ಲು ನೋಡುತ್ತಾರೆ ಎಂದು ಹೇಳಬೇಕಿತ್ತು. ನನಗೆ ಅದು ಗೊತ್ತಿತ್ತು, ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆದರೆ ಇದೆ ಎಂದು ಒತ್ತಿದರೆ ಕಂತು ಏರುತ್ತದೆ, ಅರ್ಜಿ ತಿರಸ್ಕಾರವೂ ಆಗಬಹುದು. ಆ ತಿಂಗಳು ನನಗೆ ಇನ್ನೊಂದು ಪಾಲಿಸಿ ಆಗದಿದ್ದರೆ ಏಜೆನ್ಸಿ ಉಳಿಯುತ್ತಿರಲಿಲ್ಲ. ನಾನು ಇಲ್ಲ ಎಂಬುದನ್ನು ಒತ್ತಿದೆ. ಒಪ್ಪಿಗೆಗೆಂದು ಅವರ ಮೊಬೈಲಿಗೆ ಬಂದ ಒಟಿಪಿ ಸಂಖ್ಯೆಯನ್ನು ಅವರೇ ಒಂದೊಂದಾಗಿ ಓದಿ ಹೇಳಿದರು.

ಎರಡನೆಯ ವರ್ಷ ಕುದುರೆ ಅವರ ಕಾಲು ತುಳಿಯಿತು. ಹೆಬ್ಬೆರಳಿನ ಗಾಯ ಮಾಯಲಿಲ್ಲ. ಅರಿಸಿನ ಹಚ್ಚಿಕೊಂಡು ಗಾಡಿ ಹೊಡೆಯುತ್ತಿದ್ದರು. ಬೆರಳು ಕಪ್ಪಾದಾಗ ಮಗ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ. ಎರಡು ಬೆರಳು ತೆಗೆದರು. ಕೊಳೆತ ಮೇಲಕ್ಕೆ ಹತ್ತುತ್ತಿದೆ, ಬೇಗ ಪಾದವನ್ನೂ ತೆಗೆಯಬೇಕು ಎಂದರು. ಸಕ್ಕರೆ ಎಷ್ಟು ವರ್ಷದಿಂದ ಎಂದು ವೈದ್ಯರು ಕೇಳಿದಾಗ ಚಾಚಾ ನಿಜ ಹೇಳಿದ್ದರು. ಅದು ಆಸ್ಪತ್ರೆಯ ಕಾಗದಕ್ಕೆ ಬಂತು, ಅಲ್ಲಿಂದ ಕಂಪನಿಗೆ ಹೋಯಿತು. ಕಂಪನಿ ದುಡ್ಡು ಕೊಡುವುದಿಲ್ಲ ಎಂದಿತು.

ದುಡ್ಡಿಲ್ಲದೆ ಚಾಚಾ ಮನೆಗೆ ಬಂದು ಮಲಗಿದ್ದಾಗ, ಮಗ ಬರೆದ ದೂರಿನ ಮೇಲೆ ಕಂಪನಿಯಿಂದ ವಿಚಾರಣೆಗೆ ಒಬ್ಬರು ಬಂದರು. ಏಜೆಂಟಾದ ನನ್ನನ್ನೂ ಕರೆಸಿದ್ದರು. ಬಂದವರು ಕೆಟ್ಟವರೇನಲ್ಲ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ನಿಧಾನವಾಗಿ ಕೇಳಿದರು: "ಪಾಲಿಸಿ ಮಾಡಿಸುವಾಗ ಸಕ್ಕರೆ ಇದೆ ಅಂತ ಈ ಮೇಡಮ್ಮಿಗೆ ಹೇಳಿದ್ರಾ? ಹೇಳಿದ್ರೆ ಹೇಳಿಬಿಡಿ. ಆಗ ತಪ್ಪು ಅವರದಾಗುತ್ತೆ, ನಿಮ್ಮ ಅರ್ಜಿನ ಇನ್ನೊಂದು ಸಲ ನೋಡೋಕೆ ದಾರಿ ಇರುತ್ತೆ."

ಚಾಚಾ ನನ್ನ ಕಡೆ ನೋಡಿದರು. ನಾನು ನೆಲದ ಚಾಪೆ ನೋಡುತ್ತಿದ್ದೆ. ಮಗಳ ಪಿಯುಸಿ ಫೀಜು ನೆನಪಾಗುತ್ತಿತ್ತು. ಅಡುಗೆಮನೆಯಲ್ಲಿ ಚಾಚಿ ಪಾತ್ರೆ ಇಟ್ಟ ಸದ್ದಾಯಿತು.

"ಇಲ್ಲ ಸ್ವಾಮಿ" ಎಂದರು ಚಾಚಾ. "ಈ ಮಗೀಗೆ ಏನೂ ಗೊತ್ತಿಲ್ಲ. ನಾನೇ ಮುಚ್ಚಿಟ್ಟಿದ್ದೆ." ಬರೆದ ಕಾಗದಕ್ಕೆ ಸಹಿಯನ್ನೂ ಮಾಡಿಕೊಟ್ಟರು.

ಆತ ಹೋದ ಮೇಲೆ ನಾನು ಅವರ ಮಂಚದ ಹತ್ತಿರ ಹೋಗಿ ಅತ್ತೆ. "ಅಳ್ಬೇಡ ಬುಡು. ನನ್ ಕಾಲಂತೂ ಓಯ್ತು, ನಿನ್ ಅನ್ನಾನೂ ಯಾಕ್ ಓಗ್ಬೇಕು?" ಎಂದರು.

ಕುದುರೆಯನ್ನು ಮಾರಬೇಕಾಯಿತು. ಸಿಂಧಘಟ್ಟದ ಕಡೆಯವರೊಬ್ಬರು ಬಂದು ಹೊರಗೆ ನಿಂತು ಹಲ್ಲು ನೋಡುತ್ತಿದ್ದರು. ಚಾಚಾ ಮಲಗಿದ್ದಲ್ಲಿಂದಲೇ ಕೂಗಿ ಹೇಳಿದರು: "ಅಣ್ಣಾ, ಹಿಂದ್ಲು ಎಡಗಾಲು ಚಳಿಗೆ ಇಡ್ಕತದೆ. ಇವತ್ತು ಚೆನ್ನಾಗದೆ, ನಿನಗೆ ಗೊತ್ತಾಗಾಕಿಲ್ಲ. ಕೇಳ್ಕಂಡು ತಗೊ." ಬಂದವರು ಅಲ್ಲೇ ಎಂಟು ಸಾವಿರ ಕಡಿಮೆ ಮಾಡಿದರು. ಮಗ ತಲೆ ಚಚ್ಚಿಕೊಂಡ. ಚಾಚಾ ಗೋಡೆ ಕಡೆ ತಿರುಗಿ ಮಲಗಿದರು.

ಆ ದುಡ್ಡಿನಲ್ಲಿ ಖಾಸಗಿ ಆಸ್ಪತ್ರೆಯ ಹಳೆಯ ಬಾಕಿ ತೀರಿತು, ಅಷ್ಟೇ. ಸರ್ಕಾರಿ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ನಂಜು ರಕ್ತಕ್ಕೆ ಇಳಿದಿತ್ತು. ಒಂಬತ್ತನೆಯ ದಿನ ಹೋಗಿಬಿಟ್ಟರು. ಮಣ್ಣಿಗೆ ಹೊತ್ತುಕೊಂಡು ಹೋಗುವಾಗ ನಮ್ಮ ಬೀದಿಯ ಬಾಗಿಲುಗಳಲ್ಲೆಲ್ಲ ಹೆಂಗಸರು ನಿಂತಿದ್ದರು. ಅವರಲ್ಲಿ ಮೂವರು ನನ್ನ ಜೊತೆ ಅದೇ ಗಾಡಿಯಲ್ಲಿ ಶಾಲೆಗೆ ಹೋದವರು.

ನಲವತ್ತನೆಯ ದಿನದ ಕಾರ್ಯಕ್ಕೆ ಚಾಚಿ ಕರೆ ಕಳಿಸಿದ್ದರು. ಹೋದೆ. ಇನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ ಅನಿಸಿ, ಅಡುಗೆಮನೆಯಲ್ಲಿ ಅವರೊಬ್ಬರೇ ಇದ್ದಾಗ ಹೇಳಿದೆ: "ಚಾಚಿ, ನನಗೆ ಗೊತ್ತಿತ್ತು. ಚಾಚಾ ನನಗೆ ಹೇಳಿದ್ರು. ಇಲ್ಲ ಅಂತ ಒತ್ತಿದ್ದು ನಾನು."

ಚಾಚಿ ಸೌಟು ಆಡಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಕಣವ್ವ" ಎಂದರು. "ಆವತ್ತು ಕಂಪ್ನಿಯೋರು ಬಂದೋದ್ ಮೇಲೆ ನಾನು ಜಗಳ ಆಡ್ದೆ. ಯಾಕ್ ಸುಳ್ಳೇಳಿದ್ರಿ, ದುಡ್ ಬತ್ತಿತ್ತಲ್ಲ ಅಂದೆ. ಅವ್ರು ಏನಂದ್ರು ಗೊತ್ತಾ? ಅವ್ಳೇ ಏಳ್ತಾಳೇನೋ ಅಂತ ಒಂದ್ ಗಳಿಗೆ ಕಾದೆ. ಅವ್ಳು ಬಾಯ್ ಬುಡ್ಲಿಲ್ಲ. ಆಮ್ಯಾಕೆ ನಾನೇ ಏಳ್ದೆ, ಅಂದ್ರು."

ಸಿಟ್ಟಿನಿಂದ ಹೇಳಲಿಲ್ಲ. ಹೇಳಿ ಮುಗಿಸಿ, ಮೂಲೆಯಲ್ಲಿ ಮುಚ್ಚಿಟ್ಟಿದ್ದ ಒಂದು ಸಣ್ಣ ಪಾತ್ರೆಯ ತಟ್ಟೆ ತೆಗೆದರು. "ನಿನಗೇಂತ ಬ್ಯಾರೆ ಪಾತ್ರೇಲಿ ಅನ್ನ, ಬೇಳೆ ಸಾರು ಮಾಡಿವ್ನಿ. ಉಂಡ್ಕಂಡು ಓಗು" ಎಂದರು.

ನಾನು ಕೂತು ಉಂಡೆ.